ಕತ್ತು ವಾಲಿದ ಹಸಿರು ಹುಡುಗಿ

ನಮ್ಮ ಉದ್ಯಾನದ ಕೆಲಸಗಾರರೆಲ್ಲ ಆಕೆಯನ್ನು ಕಾದಂಬರಿ ಅಕ್ಕ ಎನ್ನುತ್ತಿದ್ದರು. ಹಿಂದಿನಿಂದ ನಗುತ್ತಲೂ ಇದ್ದರು. ನನ್ನೆದುರು ನಕ್ಕವರಿಗೆ ನಾನು ಸರಿಯಾಗಿಯೇ ಬೈದಿದ್ದೇನೆ. ಹಗಲೆಲ್ಲ ಅಚ್ಚುಕೂಟದಲ್ಲಿ ಕೂತು ಬೇರೆಯವರ ತಪ್ಪು ತಿದ್ದುವ ಕೆಲಸ ಆಕೆಯದು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಆದರೆ ಆಕೆಗೆ ಕಥೆ ಹುಟ್ಟುತ್ತಿದ್ದುದು ಆ ಕೋಣೆಯಲ್ಲಲ್ಲ, ನಮ್ಮ ಹೂವಿನ ಪ್ರದರ್ಶನದಲ್ಲಿ.

ಪ್ರದರ್ಶನದ ಬಾಗಿಲಲ್ಲೇ ಊರಿನವರು ಬರೆದ ಚಿತ್ರಗಳನ್ನು ತೂಗುಹಾಕುತ್ತೇವೆ. ಬಸ್ ಕಂಡಕ್ಟರೊಬ್ಬ ಬರೆದ ಖಾಲಿ ಬೆಂಚಿನ ಚಿತ್ರದಿಂದ ಆಕೆ ಒಂದು ಕಾದಂಬರಿ ತೆಗೆದರು. ನಾನು ಚೆಂಡುಹೂವಿನಲ್ಲಿ ಕಟ್ಟಿದ ದೋಣಿಯಿಂದ ಇನ್ನೊಂದು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವನು ನಾನು, ಅದನ್ನು ಹೆಂಡತಿ ಓದಿ ಹೇಳಿದಳು. ಕಥೆಯಲ್ಲಿ ದೋಣಿ ಮುಳುಗಿಹೋಯಿತು. ನನಗೆ ರೇಗಿತು. “ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನ ಮುಳುಗಿಸಿಬಿಟ್ರಲ್ಲಕ್ಕಾ” ಎಂದು ಜಗಳಕ್ಕೇ ಹೋದೆ.

“ನಿನ್ನ ದೋಣಿ ಗಟ್ಟಿಯಾಗೇ ಇತ್ತಪ್ಪಾ. ಹತ್ತಿದವರು ಸರಿ ಇರಲಿಲ್ಲ” ಎಂದರು.

ಆಮೇಲೆ ಒಂದು ವರ್ಷದ ಪ್ರದರ್ಶನಕ್ಕೆ ಗಿಡದಲ್ಲಿ ಒಬ್ಬ ಹುಡುಗಿಯ ಬೊಂಬೆ ಮಾಡಿದೆ. ತಂತಿಯಲ್ಲಿ ಆಕಾರ ಕಟ್ಟಿ, ಒಳಗೆ ಒದ್ದೆ ಪಾಚಿ ತುಂಬಿ, ಮೈತುಂಬ ಸಣ್ಣೆಲೆಯ ಗಿಡ ನೆಟ್ಟು, ಕತ್ತರಿ ಆಡಿಸುತ್ತ ಆಡಿಸುತ್ತ ಮೂಗು, ಗಲ್ಲ, ಜಡೆ ಎಬ್ಬಿಸುವ ಕೆಲಸ ಅದು. ಗಾಡಿಯಿಂದ ಇಳಿಸುವಾಗ ಎಡವಟ್ಟಾಗಿ ಕತ್ತು ಒಂದು ಕಡೆಗೆ ವಾಲಿಬಿಟ್ಟಿತು.

“ಏನಯ್ಯಾ, ನಿನ್ನ ಮಗಳಿಗೆ ಕತ್ತು ಉಳುಕಿದೆಯಾ?” ಎಂದರು ಉದ್ಯಾನದ ಸಾಹೇಬರು.

ಸಿಟ್ಟಿನಿಂದ ಇಕ್ಕಳ ತಂದು ತಿರುಗಿಸಲು ನಿಂತಿದ್ದೆ. ಹಿಂದಿನಿಂದ ಯಾರೋ ನನ್ನ ತೋಳು ಹಿಡಿದರು. ಅಕ್ಕ. ಮುಖ ಬಿಳಿಚಿಕೊಂಡಿತ್ತು.

“ಹಾಗೇ ಇರಲಿ ತಮ್ಮಾ. ನನ್ನ ಮಗಳು ಹೀಗೇ ನಿಲ್ತಿದ್ದಳು.”

ಆಕೆಗೊಬ್ಬಳು ಮಗಳಿದ್ದಳೆಂಬುದೇ ನಮಗೆ ತಿಳಿದಿರಲಿಲ್ಲ. ಆ ಮಗುವಿಗೆ ಎಡಗಿವಿ ಕೇಳುತ್ತಿರಲಿಲ್ಲವಂತೆ. ಯಾರು ಮಾತಾಡಿಸಿದರೂ ತಲೆ ವಾಲಿಸಿ ಬಲಗಿವಿ ಕೊಡುತ್ತಿದ್ದಳಂತೆ. ಒಂದು ಬೆಳಿಗ್ಗೆ ಶಾಲೆಗೆ ಹೋಗುವಾಗ ಎಡಗಡೆಯಿಂದ ಲಾರಿ ಬಂತು. ಉಳಿದಿದ್ದುದು ಶಾಲೆಯ ಗುಂಪಿನ ಫೋಟೊ ಒಂದೇ, ಅದರಲ್ಲಿ ಮುಖ ಗುಂಡುಸೂಜಿಯ ತಲೆಯಷ್ಟಿತ್ತು. “ಮುಖ ಮರೀತಾ ಬಂದಿದೆ ಕಣಪ್ಪಾ. ಪೂರ್ತಿ ಮರೆಯೋದರೊಳಗೆ ಅವಳದೊಂದು ಪುಸ್ತಕ ಬರೀಬೇಕು” ಎಂದರು.

ಪ್ರದರ್ಶನ ಮುಗಿದ ಮೇಲೆ ಬೊಂಬೆಗಳನ್ನು ಬಿಚ್ಚುವುದು ನಮ್ಮ ಪದ್ಧತಿ. ಸಾಹೇಬರ ಹತ್ತಿರ ಗಂಟಲು ಹರಿದುಕೊಂಡು, ಈ ಹುಡುಗಿಯೊಬ್ಬಳನ್ನು ಸಸಿಗಳ ಕೊಟ್ಟಿಗೆಯ ಹಿಂದೆ ಇಡಿಸಿದೆ. ರಜೆ ಸಿಕ್ಕಿದಾಗಲೆಲ್ಲ ಅಕ್ಕ ಬಂದು, ಕುಂಡ ಬೋರಲು ಹಾಕಿ ಅದರ ಮೇಲೆ ಕೂತು ಬರೆಯುತ್ತಿದ್ದರು. ಪುಸ್ತಕದಲ್ಲಿ ಮಗು ಹುಟ್ಟಿತು, ನಡೆಯಿತು, ಹಲ್ಲು ಬಿದ್ದವು. ನನ್ನ ಹೆಂಡತಿ ನೀರು ಕೊಡುವ ನೆವದಲ್ಲಿ ಹೋಗಿ, ಬರೆದಷ್ಟನ್ನು ಅಕ್ಕನಿಂದ ಓದಿಸಿ ಕೇಳಿಸಿಕೊಂಡು ಬರುತ್ತಿದ್ದಳು.

ನಾನು ಕತ್ತರಿ ಹಿಡಿದು ಹೋದರೆ ಮಾತ್ರ ಅಕ್ಕ ಅಡ್ಡ ನಿಲ್ಲುತ್ತಿದ್ದರು.

“ಬೇಡಪ್ಪಾ. ಬೆಳೀಲಿ.”

“ಕತ್ತರಿಸದೆ ಇದ್ರೆ ಒಳಗೆ ಬೆಳಕು ಹೋಗಲ್ಲ ಅಕ್ಕಾ, ಒಳಗಿಂದ ಒಣಗುತ್ತೆ. ಇದು ಗಿಡ, ಮಗು ಅಲ್ಲ.”

“ನನಗೆ ಗೊತ್ತಿಲ್ವಾ? ಆ ಬೆಳಿಗ್ಗೆಯ ಅಧ್ಯಾಯ ಒಂದು ಮುಗೀಲಿ. ಆಮೇಲೆ ನಿನ್ನಿಷ್ಟ.”

ಆ ಅಧ್ಯಾಯ ಮುಗಿಯಲೇ ಇಲ್ಲ. ಒಮ್ಮೆ ಮಗು ಏಳಲು ತಡ ಮಾಡಿತು, ಒಮ್ಮೆ ಜಡೆ ಸರಿಯಾಗಲಿಲ್ಲ, ಇನ್ನೊಮ್ಮೆ ಟಿಫಿನ್ ಡಬ್ಬಿಯ ಮುಚ್ಚಳ ಕಳೆದುಹೋಯಿತು. ಅಕ್ಕ ಬಾಗಿಲಿನವರೆಗೆ ಬಂದು ಬಂದು ಮಗುವನ್ನು ಒಳಗೇ ಕರೆದುಕೊಂಡು ಹೋಗುತ್ತಿದ್ದರು. “ಯಾವ ತಾಯಿ ತಾನೇ ಕಳಿಸ್ತಾಳೆ? ನೀವು ಸುಮ್ಮನೆ ಕೂಗಾಡ್ಬೇಡಿ” ಎಂದು ಹೆಂಡತಿ ನನ್ನ ಬಾಯಿ ಮುಚ್ಚಿಸಿದಳು. ಇತ್ತ ಎಲೆಗಳು ಮೂಗು ನುಂಗಿದವು, ಜಡೆ ಭುಜದಲ್ಲಿ ಬೆರೆತುಹೋಯಿತು. ದೂರದಿಂದ ನೋಡಿದರೆ ಅದೊಂದು ಪೊದೆ.

ಕೊನೆಗೊಂದು ದಿನ ಅಕ್ಕ ತಾವಾಗಿಯೇ ಬಂದು, “ಇವತ್ತು ಬರೆದುಬಿಡ್ತೀನಿ. ನನಗೆ ಅವಳ ಮುಖ ತೆಗೆದುಕೊಡು” ಎಂದರು.

ಒಂದೊಂದೇ ಎಲೆ ಲೆಕ್ಕ ಹಾಕಿದಂತೆ ಕತ್ತರಿಸಿದೆ. ಹಸಿರೆಲ್ಲ ಹೊರಗಡೆಯೇ ಇತ್ತು. ಅದು ಉದುರಿದ ಮೇಲೆ ಕಂದು ಕಡ್ಡಿ, ಒಣಪಾಚಿ, ತುಕ್ಕು ಹಿಡಿದ ತಂತಿ. ಕತ್ತರಿ ಕೆಳಗಿಟ್ಟೆ. ಹೇಳಿದರೆ ಕೇಳಿದ್ರಾ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

“ಹೊಸ ಸಸಿ ನೆಡ್ತೀನಕ್ಕಾ. ಮಳೆ ಬಿದ್ರೆ ಮತ್ತೆ ತುಂಬ್ಕೊಳ್ಳುತ್ತೆ. ಈ ಸಲ ನೀವು ಅಡ್ಡ ಬರಬೇಡಿ, ಅಷ್ಟೇ.”

ಆಕೆ ಬಗ್ಗಿ, ನೆಲಕ್ಕೆ ಬಿದ್ದ ಎಲೆಗಳನ್ನು ಸೆರಗಿನ ತುದಿಗೆ ಹಾಕಿಕೊಂಡು, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಅಲ್ಲೇ ಸುರಿದರು. “ಬೇಡ ತಮ್ಮಾ. ಇನ್ನೊಂದು ಸಲ ಸಾಕೋ ಶಕ್ತಿ ನನಗಿಲ್ಲ.”

ಈಗಲೂ ಆಕೆ ಪ್ರದರ್ಶನಕ್ಕೆ ಬರುತ್ತಾರೆ. ಚಿತ್ರಗಳ ಸಾಲು ನೋಡಿ ಅಲ್ಲಿಂದಲೇ ಹಿಂತಿರುಗುತ್ತಾರೆ, ಗಿಡಗಳ ಕಡೆ ಬರುವುದಿಲ್ಲ. ಹೋದ ಸಲ ನನ್ನ ಹೆಂಡತಿ ಬಾಗಿಲಲ್ಲೇ ಅಡ್ಡ ಹಾಕಿ, “ಕಾದಂಬರಿ ಎಲ್ಲಿಗೆ ಬಂತಕ್ಕಾ?” ಎಂದು ಕೇಳಿದಳು.

“ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಕೊಳ್ತಾ ಇದ್ದಾಳಮ್ಮಾ. ಕಟ್ಕೊಳ್ಳಲಿ ಬಿಡು, ಅವಸರ ಏನಿದೆ” ಎಂದರು ಅಕ್ಕ.