ಹೊಟ್ಟೆ ಹೊಡೆದ ಹಾರ್ನ್

ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ. ಏಳನೇ ನಂಬರ್ ಬಸ್ಸಿನ ಡ್ರೈವರಣ್ಣನಷ್ಟು ಊಟ ಬಲ್ಲವರು ಇಡೀ ಡಿಪೋದಲ್ಲಿ ಇನ್ನೊಬ್ಬರಿರಲಿಲ್ಲ. ಬೆಳಗಿನ ಟ್ರಿಪ್ಪಿಗೆ ಮೊದಲು ಬೆಣ್ಣೆ ಸವರಿದ ಬನ್ನು, ಟ್ರಿಪ್ಪು ಮುಗಿದ ಮೇಲೆ ಏನಾದರೂ ಕರಿದದ್ದು, ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದರೆ ಜೇಬಿನಿಂದ ಬಿಸ್ಕತ್ತು. ಹಸಿರು ಬಿದ್ದರೂ ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ನಡಿಗೆ ಅಂದರೆ ಸೀಟಿನಿಂದ ಟೀ ಅಂಗಡಿಗೆ, ಟೀ ಅಂಗಡಿಯಿಂದ ಸೀಟಿಗೆ. ಊರಿನವರನ್ನೆಲ್ಲ ಊರು ಸುತ್ತಿಸಿದವನು ತಾನು ವರ್ಷಗಟ್ಟಲೆ ಕೂತಲ್ಲೇ ಕೂತಿದ್ದ. ಅವನಲ್ಲಿ ಮುಂದಕ್ಕೆ ಹೋಗುತ್ತಿದ್ದುದು ಹೊಟ್ಟೆಯೊಂದೇ.

ಹೋಗಿ ಹೋಗಿ ಅದು ಸ್ಟೀರಿಂಗಿಗೆ ಮುಟ್ಟಿತು. ಬಸ್ಸೋ ಹಳೆಯದು, ತಿರುವು ಬಂದರೆ ಚಕ್ರದ ಮೇಲೆ ಮೈಯೆಲ್ಲ ಚೆಲ್ಲಿ ಎಳೆಯಬೇಕು. ಹಾಗೆ ಬಾಗಿದಾಗೆಲ್ಲ ಹೊಟ್ಟೆ ಹೋಗಿ ಚಕ್ರದ ನಡುವಿನ ಹಾರ್ನ್ ಗುಂಡಿಯ ಮೇಲೆ ಕೂರುತ್ತಿತ್ತು. ಅವನ ದಾರಿಯಲ್ಲಿ ದೊಡ್ಡ ತಿರುವು ಎರಡು. ಒಂದು ಆಸ್ಪತ್ರೆಯ ಮುಂದೆ, ಇನ್ನೊಂದು ಅವನ ಮನೆಯ ಕಿಟಕಿಯ ಕೆಳಗೆ. ಮನೆ ಕೆಳಗಿನ ಹಾರ್ನಿಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಸ್ಪತ್ರೆಯವರು ದೂರು ಕೊಟ್ಟರು.

"ಅಲ್ಲಿ ಹಾರ್ನ್ ಹೊಡೀಬಾರ್ದು ಅಂತ ಬೋರ್ಡಿಲ್ವೇನ್ರೀ?" ಎಂದರು ಡಿಪೋ ಮ್ಯಾನೇಜರು.

"ನಾನು ಹೊಡೆಯಲ್ಲ ಸಾರ್. ಅದೇ ಹೊಡ್ಕೊಳ್ಳುತ್ತೆ."

"ಅದೇ ಅಂದ್ರೆ?"

ಡ್ರೈವರಣ್ಣ ನಾಚಿಕೊಂಡು ಕೆಳಗೆ ನೋಡಿದ. ಮ್ಯಾನೇಜರೂ ಅಲ್ಲೇ ನೋಡಿದರು. ಹೆಚ್ಚಿಗೆ ಹೇಳುವ ಅಗತ್ಯ ಬೀಳಲಿಲ್ಲ.

"ಮೂರು ತಿಂಗಳು ಟೈಮ್ ಕೊಡ್ತೀನಿ. ಆಮೇಲೆ ನಾನೇ ಬಸ್ಸಲ್ಲಿ ಕೂತು ನೋಡ್ತೀನಿ. ಆ ತಿರುವಲ್ಲಿ ಹಾರ್ನ್ ಆಯ್ತೋ, ಬಸ್ಸು ಬೇರೆಯವರಿಗೆ. ನೀವು ಛತ್ರಿ ರೂಮ್ ನೋಡ್ಕೊಳ್ಳಿ."

ಛತ್ರಿ ರೂಮೆಂದರೆ ಬಸ್ಸಿನಲ್ಲಿ ಜನ ಮರೆತು ಹೋದ ಛತ್ರಿ, ಊಟದ ಡಬ್ಬಿ, ಒಂಟಿ ಚಪ್ಪಲಿಗಳನ್ನು ಗುಡ್ಡೆ ಹಾಕುವ ಕತ್ತಲೆ ಕೋಣೆ. "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಣ್ಣ, ಮೂರು ತಿಂಗಳಿದೆಯಲ್ಲ," ಎಂದು ಕಂಡಕ್ಟರ್ ಸಮಾಧಾನ ಹೇಳಿದ. ಡ್ರೈವರಣ್ಣನಿಗೆ ಸಮಾಧಾನವಾಗಲಿಲ್ಲ. ಬಸ್ಸು ಓಡಿಸುವುದು ಬಿಟ್ಟರೆ ಅವನಿಗೆ ಬೇರೆ ಏನೂ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವನಿಗೆ ನಿಜವಾಗಿಯೂ ಭಯವಾಯಿತು. ಭಯವಾದರೆ ಅವನಿಗೆ ಹಸಿವು ಜಾಸ್ತಿ.

ವಿಷಯ ತಿಳಿದ ಹೆಂಡತಿ ಅವತ್ತೇ ಕರಿಯುವ ಬಾಣಲೆಯನ್ನು ಅಟ್ಟಕ್ಕೇರಿಸಿ ಸೌತೆಕಾಯಿ ಹೆಚ್ಚಿಟ್ಟಳು. ಅವನು ಸೌತೆಕಾಯಿಯನ್ನೂ ತಿಂದ, ಅವಳು ಕಪಾಟಿನ ಸೀರೆಗಳ ಹಿಂದೆ ಬಚ್ಚಿಟ್ಟಿದ್ದ ಬಿಸ್ಕತ್ತನ್ನೂ ತಿಂದ. ನಾಳೆ ಬೆಳಿಗ್ಗೆಯಿಂದ ನಡೀತೀನಿ ಅಂದ. ನಾಳೆ ಬಂದಾಗ ಮತ್ತೊಂದು ನಾಳೆಯನ್ನು ತೋರಿಸಿದ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅವಳು ಕಂಡಕ್ಟರನ ಹತ್ತಿರ ಗೋಳು ತೋಡಿಕೊಂಡಳು.

ಕಂಡಕ್ಟರ್ ಜೇಬಿನಿಂದ ತನ್ನ ಹಳೆಯ ಸೀಟಿ ತೆಗೆದು ಅವಳ ಕೈಗಿಟ್ಟ. "ಅತ್ತಿಗೆ, ಅಣ್ಣ ಯಾರ ಮಾತು ಕೇಳದಿದ್ರೂ ಇದರ ಮಾತು ಕೇಳ್ತಾರೆ. ಒಂದು ಊದಿದ್ರೆ ನಿಲ್ತಾರೆ, ಎರಡು ಊದಿದ್ರೆ ಹೊರಡ್ತಾರೆ."

ಅವತ್ತಿನ ಊಟಕ್ಕೆ ಡ್ರೈವರಣ್ಣನ ಕೈ ಮೂರನೇ ಸಲ ಪಾತ್ರೆಯ ಕಡೆ ಹೊರಟಿತ್ತು. ಅವಳು ಒಂದು ಸೀಟಿ ಊದಿದಳು. ಮೇಜಿನ ಕೆಳಗೆ ಬಲಗಾಲು ಇಲ್ಲದ ಬ್ರೇಕನ್ನು ತುಳಿಯಿತು, ಮೇಲೆ ಕೈ ಗಾಳಿಯಲ್ಲೇ ನಿಂತಿತು. ತನ್ನ ಕೈ ತನ್ನ ಮಾತನ್ನೇ ಕೇಳದ್ದನ್ನು ನೋಡಿ ಅವನು ಕಕ್ಕಾಬಿಕ್ಕಿಯಾದ.

"ಇದು ಅನ್ಯಾಯ ಕಣೇ!"

"ಸ್ಟಾಪ್ ಬಂತು, ಇಳೀರಿ," ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು.

ಬೆಳಗಿನ ನಡಿಗೆಯೂ ಹಾಗೇ ಶುರುವಾಯಿತು. ಎರಡು ಸೀಟಿ ಕೇಳಿದರೆ ಕಾಲು ತಾವಾಗಿ ಹೊರಡುತ್ತಿದ್ದವು. ಆದರೆ ಆ ಕಾಲಿಗೆ ಏಳನೇ ನಂಬರಿನ ದಾರಿ ಬಿಟ್ಟು ಬೇರೆ ದಾರಿ ಗೊತ್ತಿರಲಿಲ್ಲ. ತಿರುವಿನಲ್ಲಿ ಕೈ ಚಾಚಿ ತೋರಿಸಿ ತಿರುಗುತ್ತಿದ್ದ, ಒಂದೊಂದು ಬಸ್‌ಸ್ಟಾಪಿನಲ್ಲೂ ನಿಲ್ಲುತ್ತಿದ್ದ. ನೀರು ನಿಂತ ಗುಂಡಿ ಎದುರಾದರೆ, ಹೆಂಡತಿ ಹಿಂದಿನಿಂದ "ಬರ್ಲಿ, ಬರ್ಲಿ, ಹೋಲ್ಡಾನ್" ಅನ್ನದೆ ಒಂದು ಹೆಜ್ಜೆಯನ್ನೂ ಹಿಂದಕ್ಕಿಡುತ್ತಿರಲಿಲ್ಲ.

"ಬಸ್ಸೆಲ್ಲಿ?" ಅಂತ ಸ್ಟಾಪಿನಲ್ಲಿ ಕಾಯುತ್ತಿದ್ದವರು ಗಾಬರಿಯಾಗಿ ಕೇಳುತ್ತಿದ್ದರು.

"ಆಮೇಲೆ ಬರುತ್ತೆ. ಇದು ಬರೀ ಡ್ರೈವರು," ಎಂದು ಅವಳು ಎರಡು ಸೀಟಿ ಊದುತ್ತಿದ್ದಳು.

ಮೊದಮೊದಲು ಹಾಲಿನವನ ಸೈಕಲ್ಲು ಓವರ್‌ಟೇಕ್ ಮಾಡಿದರೂ ಅವನಿಗೆ ಅವಮಾನವಾಗುತ್ತಿತ್ತು. ಬರಬರುತ್ತ ಉಸಿರು ಸಲೀಸಾಯಿತು, ಬೆಲ್ಟಿಗೆ ಹೊಸ ತೂತು ಬಿತ್ತು. ಒಂದು ದಿನ ನಿಂತಲ್ಲಿಂದಲೇ ತನ್ನ ಕಾಲ್ಬೆರಳುಗಳು ಕಂಡು, ಹಳೇ ಗೆಳೆಯರು ಸಿಕ್ಕ ಹಾಗೆ ಅವುಗಳನ್ನು ಸುಮ್ಮನೆ ನೋಡುತ್ತ ನಿಂತುಬಿಟ್ಟ. ಆದರೂ ಹಾರ್ನು ಪೂರ್ತಿ ಬಾಯಿ ಮುಚ್ಚಿರಲಿಲ್ಲ. ಪರೀಕ್ಷೆಯ ಹಿಂದಿನ ದಿನವೂ ಎರಡೂ ತಿರುವಿನಲ್ಲಿ ಕುಂಯ್ ಅಂದಿತು.

ಪರೀಕ್ಷೆಯ ದಿನ ಅವನಿಗೆ ಬೆಳಿಗ್ಗೆಯಿಂದ ಏನೂ ಗಂಟಲಲ್ಲಿ ಇಳಿಯಲಿಲ್ಲ. ಮ್ಯಾನೇಜರು ಮುಂದಿನ ಸೀಟಿನಲ್ಲೇ ಕೂತರು. ಆಸ್ಪತ್ರೆಯ ತಿರುವು ಬಂತು. ಅವನು ಬಾಗಿದ, ಚಕ್ರ ಎಳೆದ. ಅವನ ಜೊತೆ ಬಸ್ಸಿನವರೆಲ್ಲ ಹೊಟ್ಟೆ ಒಳಗೆಳೆದುಕೊಂಡರು, ಮ್ಯಾನೇಜರೂ ಸೇರಿ. ಬಸ್ಸು ತಿರುಗಿತು. ಸದ್ದಿಲ್ಲ!

"ಭೇಷ್," ಎಂದರು ಮ್ಯಾನೇಜರು.

ಸಂಜೆ ಕಡೆಯ ಟ್ರಿಪ್ಪು ಮುಗಿಸಿ, ಬಸ್ಸನ್ನು ಡಿಪೋಗೆ ಬಿಟ್ಟು, ಅವನು ಓಡೋಡಿ ಮನೆಗೆ ಬಂದ. ಅಡುಗೆಮನೆಯಲ್ಲಿ ದೀಪವಿಲ್ಲ, ಒಲೆ ತಣ್ಣಗಿತ್ತು. ಹೆಂಡತಿ ಕಿಟಕಿಯ ಹತ್ತಿರ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಕಣ್ಣು ಕೆಂಪಗಾಗಿತ್ತು.

"ಹೋಗಲಿ ಬಿಡಿ," ಎಂದಳು ಅವನನ್ನು ಕಂಡೊಡನೆ. "ಛತ್ರಿ ರೂಮಾದ್ರೇನು, ಅದೂ ಕೆಲಸಾನೇ."

"ಏನಾಯ್ತೇ ನಿನಗೆ? ನಾನು ಪಾಸಾದೆ! ಈಗ ತಾನೇ ಇಲ್ಲೇ ಕೆಳಗೆ ಬಸ್ಸು ಓಡಿಸ್ಕೊಂಡು ಹೋದೆ."

"ಮತ್ತೆ ಹಾರ್ನ್ ಯಾಕೆ ಹೊಡೀಲಿಲ್ಲ?"

"ಯಾವ ಹಾರ್ನ್?"

"ದಿನಾ ಸಂಜೆ ನನಗೋಸ್ಕರ ಹೊಡೀತಿದ್ರಲ್ಲ, ಅದು. ಅದು ಕೇಳಿದ್ಮೇಲೇ ನಾನು ಒಲೆ ಹಚ್ಚೋದು. ಇವತ್ತು ಕೇಳಲಿಲ್ಲ. ಬಸ್ಸು ಕಿತ್ಕೊಂಡ್ರು ಅಂದ್ಕೊಂಡೆ."

"ಆ ಹಾರ್ನು..." ಎಂದು ಅವನು ಬಾಯಿ ತೆರೆದ.

"ನನಗೆ ಗೊತ್ತಿಲ್ವಾ? ಆಸ್ಪತ್ರೆ ಹತ್ರ ಹೊಡೀತಿದ್ದದ್ದು ನಿಮ್ಮ ಹೊಟ್ಟೆ. ನಮ್ಮನೆ ಹತ್ರ ಹೊಡೀತಿದ್ದೋರು ನೀವು."

ತೆರೆದ ಬಾಯಿಯನ್ನು ಅವನು ಹಾಗೇ ಮುಚ್ಚಿದ. ಹೊಟ್ಟೆಗೆ ಸಲ್ಲಬೇಕಾದ ಪ್ರೀತಿಯನ್ನು ಇಷ್ಟು ವರ್ಷ ತಾನು ತಿಂದುಕೊಂಡು ಬಂದೆನಲ್ಲ ಎಂದು ನಾಚಿಕೆಯಾಯಿತು.

"ಖುಷಿಯಲ್ಲಿ ಮರೆತೆ ಕಣೇ. ತಪ್ಪಾಯ್ತು."

ಮಾರನೇ ದಿನದ ಕಡೆಯ ಟ್ರಿಪ್ಪಿನಲ್ಲಿ ಮನೆಯ ತಿರುವು ಬಂದಾಗ ಡ್ರೈವರಣ್ಣ ಅಂಗೈ ಊರಿ ಉದ್ದಕ್ಕೆ ಹಾರ್ನ್ ಹೊಡೆದ. ಮೇಲಿನ ಕಿಟಕಿಯಲ್ಲಿ ಹೆಂಡತಿಗೆ ಎಷ್ಟು ಸಂತೋಷವಾಯಿತೆಂದರೆ, ಹಿಂದುಮುಂದು ನೋಡದೆ ಸೀಟಿ ಊದಿಬಿಟ್ಟಳು. ಅದೂ ಒಂದೇ ಒಂದು. ಅವನ ಬಲಗಾಲು ಬ್ರೇಕ್ ತುಳಿಯಿತು. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು.

"ಅಣ್ಣಾ, ನಾನು ಊದಿಲ್ಲ! ಇಲ್ಲಿ ಸ್ಟಾಪೇ ಇಲ್ಲ!" ಎಂದು ಹಿಂದಿನಿಂದ ಕಂಡಕ್ಟರ್ ಕೂಗಿದ.

"ನಂದಿದೆ ಕಣೋ," ಎಂದ ಡ್ರೈವರಣ್ಣ, ಕಿಟಕಿಯ ಕಡೆ ನೋಡುತ್ತ.

ಅವಳು ನಾಲಿಗೆ ಕಚ್ಚಿಕೊಂಡಳು. ಆಮೇಲೆ ಎರಡು ಸೀಟಿ ಊದಿ, ಒಲೆ ಹಚ್ಚಲು ಒಳಗೆ ಹೋದಳು.