ಬಣ್ಣ ಹಚ್ಚದ ಪ್ರತಿ

ಡಾರ್ಕಸ್ ಪಿಮ್ ಗಂಡನಿಂದ ತಪ್ಪಿಸಿಕೊಂಡು ಬಂದು ಲಂಡನ್ನಿನ ಈ ಚಿತ್ರದಂಗಡಿಯ ಮಹಡಿ ಸೇರಿದ್ದಳು. ಉದ್ದನೆಯ ಮೇಜಿನ ಸುತ್ತ ಕೂತು ಅಚ್ಚಾದ ವ್ಯಂಗ್ಯಚಿತ್ರಗಳಿಗೆ ಬಣ್ಣ ತುಂಬುವ ಹೆಂಗಸರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ಇವಳದು ಕೆಂಪು. ರಾಜನ ಮೂಗು, ರಾಣಿಯ ಕೆನ್ನೆ, ಪಾದ್ರಿಯ ಕಿವಿ, ಎಲ್ಲ ಇವಳ ಪಾಲಿಗೆ. ಹೆಂಡತಿಯನ್ನು ಕಳಚಿಕೊಳ್ಳಲು ರಾಜ ಪಡುತ್ತಿದ್ದ ಪಾಡಿಗೆ ಊರಿಗೆ ಊರೇ ನಗುತ್ತಿತ್ತು. ರಾಜನಿಗಾದರೂ ವಕೀಲರಿದ್ದರು. ಡಾರ್ಕಸ್‌ಗೆ ಯಾರಿದ್ದರು? ಗಂಡ ಸೈಲಸ್ ಪತ್ತೆಹಚ್ಚಿ ಬಂದು ಎಳೆದುಕೊಂಡು ಹೋದರೆ ಕಾನೂನೂ ಅವನ ಕಡೆಗೇ. ಎಂಥ ದರಿದ್ರ ಕಾನೂನು!

ಆ ಸೋಮವಾರ ಹೊಸ ಚಿತ್ರ ಬಂತು. ರಾಜ ರಾಣಿಯನ್ನು ಅರಮನೆಯಿಂದ ಆಚೆ ದಬ್ಬುತ್ತಿದ್ದಾನೆ, ದಪ್ಪ ರಾಣಿ ಬಾಗಿಲಲ್ಲೇ ಸಿಕ್ಕಿಕೊಂಡಿದ್ದಾಳೆ. ಅವಳ ನಿಲುವಂಗಿಯ ತುದಿ ಹಿಡಿದ ದಾಸಿಯನ್ನು ಡಾರ್ಕಸ್ ಬಗ್ಗಿ ನೋಡಿದಳು. ಅದೇ ಚೂಪು ಗದ್ದ. ಸೈಲಸ್‌ನ ಬೆಲ್ಟಿನ ಕೊಂಡಿ ಬಡಿದು ಎರಡಾಗಿ ಸೀಳಿದ ಅದೇ ಹುಬ್ಬು.

“ಜಾಬ್ಲಿಂಗ್ ಅವ್ರೇ, ಇದು ನಾನಲ್ವಾ?” ಎಂದು ಚಿತ್ರ ಕೊರೆಯುವ ಮುದುಕನನ್ನು ಕೇಳಿದಳು.

“ಮತ್ತಿನ್ಯಾರು? ದಿನಾ ಎದುರಿಗೇ ಕೂತಿರ್ತೀಯ, ಬಿಟ್ಟಿ ಮುಖ! ಖುಷಿಪಡು ತಾಯಿ, ರಾಣಿ ಪಕ್ಕ ನಿಂತಿದ್ದೀಯ.”

ತಾಮ್ರದ ತಗಡು ಕೊರೆದಾಗಿತ್ತು, ಅಚ್ಚೂ ಶುರುವಾಗಿತ್ತು. ಗಂಡನನ್ನು ಬಿಟ್ಟು ಓಡಿಬಂದವಳೆಂದು ಬಾಯಿಬಿಟ್ಟರೆ ಕೆಲಸ ಹೋಗುತ್ತದೆ. ಡಾರ್ಕಸ್ ಕುಂಚ ಅದ್ದಿ, ಒಂದೊಂದು ಪ್ರತಿಯಲ್ಲೂ ದಾಸಿಯ ಹುಬ್ಬು ಮುಚ್ಚುವಂತೆ ದಟ್ಟ ಕೆಂಪು ಕುಲಾವಿ ತೊಡಿಸಿದಳು.

“ದಾಸಿಗೆ ಕುಲಾವಿ ಹಾಕು ಅಂತ ಯಾರೇ ಹೇಳಿದ್ರು?” ಒಡತಿ ಆರ್ವಿನಮ್ಮ ಗದರಿದಳು.

“ಚಳಿ ಅಮ್ಮಾವ್ರೇ. ಬಾಗಿಲು ತೆಗ್ದೇ ಇದೆಯಲ್ಲ, ಪಾಪ.”

ಒಡತಿ ನಕ್ಕುಬಿಟ್ಟಳು. “ಇರ್ಲಿ ಬಿಡು, ಚೆನ್ನಾಗೇ ಕಾಣುತ್ತೆ.”

ವಾರವಿಡೀ ಕುಲಾವಿ ತೊಡಿಸಿ, ಶನಿವಾರ ಕೊನೆಯ ಕಟ್ಟನ್ನು ಎತ್ತಿಕೊಂಡು ಡಾರ್ಕಸ್ ಹಗುರ ಮನಸ್ಸಿನಿಂದ ಕೆಳಗಿಳಿದಳು. ಅಂಗಡಿಯ ಗಾಜಿನ ಮುಂದೆ ಜನಜಾತ್ರೆ. ಗಾಜಿನ ಮೇಲಿನ ಸಾಲಿನಲ್ಲಿ ಕೆಂಪು ಕುಲಾವಿಗಳು. ಕೆಳಗಿನ ಸಾಲಿನಲ್ಲಿ ಬರೀ ಕಪ್ಪುಗೆರೆಯ ಪ್ರತಿಗಳು, ಬಣ್ಣದ್ದು ಕೊಳ್ಳಲಾಗದವರಿಗೆ ಅರ್ಧ ಬೆಲೆಯವು. ಅವು ಅಚ್ಚಿನಿಂದ ನೇರ ಅಂಗಡಿಗೇ ಬರುತ್ತಿದ್ದವು, ಮಹಡಿ ಹತ್ತುತ್ತಲೇ ಇರಲಿಲ್ಲ. ಬಣ್ಣ ಬೀಳದೆ ಚಿತ್ರ ಮುಗಿಯುವುದಿಲ್ಲ ಎಂದುಕೊಂಡಿದ್ದ ಡಾರ್ಕಸ್‌ಗೆ ಅವುಗಳ ನೆನಪೇ ಬಂದಿರಲಿಲ್ಲ.

ಗಲ್ಲಾದ ಬಳಿ ಒಬ್ಬ ಅಂಥದೊಂದು ಪ್ರತಿಯನ್ನು ಬಿಡಿಸಿ ಹಿಡಿದುಕೊಂಡು ನಿಂತಿದ್ದ.

“ಹುಬ್ಬು ಚೆನ್ನಾಗಿ ಬಂದಿದೆ ಕಣೇ,” ಎಂದ ಸೈಲಸ್. “ನಡಿ ಮನೆಗೆ.”

ಡಾರ್ಕಸ್ ಗಲ್ಲಾದಲ್ಲಿ ಕೂತಿದ್ದ ಒಡತಿಯ ಮುಖ ನೋಡಿದಳು. ಒಡತಿ ಅವಳ ಕೈಯಿಂದ ಕಟ್ಟನ್ನು ತೆಗೆದುಕೊಂಡಳು.

“ಗಂಡ ಅಂದ್ಮೇಲೆ ನಾನೇನಮ್ಮ ಮಾಡ್ಲಿ?”

ಸೈಲಸ್ ಅವಳ ಮುಂಗೈ ಹಿಡಿದು ಜನರ ನಡುವೆಯೇ ಎಳೆದುಕೊಂಡು ಹೋದ. ಯಾರೂ ತಿರುಗಿ ನೋಡಲಿಲ್ಲ. ಹೆಂಡತಿಯನ್ನು ಕಳಚಿಕೊಳ್ಳಲಾಗದ ಚಿತ್ರದ ರಾಜನನ್ನು ನೋಡಿ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು.