ಬೆವರಿನ ಖಾತೆ

ತಿ. ನರಸೀಪುರದಲ್ಲಿ ಒಂದು ಇಸಿಜಿ ತೆಗೆಸಲು ಒಳ್ಳೆಯ ಬಾಳೆಗೊನೆಯೊಂದರ ಬೆಲೆಯೂ ಆಗುವುದಿಲ್ಲ. ಮೂಗೂರಿನ ಮಂಜುಳ ಅದನ್ನು ಒಮ್ಮೆಯೂ ತೆಗೆಸಿರಲಿಲ್ಲ. ದುಡ್ಡಿಲ್ಲದೆ ಅಲ್ಲ. ಮೂವತ್ತೂ ತುಂಬದವಳಿಗೆ ಅದು ಬೇಕಾದೀತೆಂದು ಅವಳಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ನಾನು ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಬುಟ್ಟಿ ಹೊತ್ತು ಬಾಳೆಹಣ್ಣು ಮಾರಿ, ಆಮೇಲೆ ನರಸೀಪುರದಲ್ಲಿ ಮಂಡಿ ಹಾಕಿದವನು. ಚೌಕಾಸಿಯಲ್ಲಿ ನನ್ನನ್ನು ಮಣಿಸಿದವರು ಕಡಿಮೆ. ಮಂಜುಳ ಮೊದಲ ದಿನವೇ ಮಣಿಸಿದಳು. ತೋಟಗಳಲ್ಲಿ ಗೊನೆ ಕೊಂಡು ಗೂಡ್ಸ್ ಆಟೋದಲ್ಲಿ ತಂದಿದ್ದಳು. ಮಾತು ಬಿಸಿಯೇರಿದ್ದಾಗ ಪೆನ್ನಿನಂಥದ್ದೊಂದನ್ನು ಬ್ಯಾಗಿನಿಂದ ತೆಗೆದು, ಸೆರಗಿನ ಮರೆಯಲ್ಲೇ ಹೊಟ್ಟೆಗೆ ಚುಚ್ಚಿಕೊಂಡಳು. ಬಾಯಿ ಮಾತ್ರ ನಿಲ್ಲಲಿಲ್ಲ.

"ಏನವ್ವಾ ಅದು?" ಎಂದು ಬೆಚ್ಚಿದೆ.

"ಇನ್ಸುಲಿನ್ನು. ನನ್ ತಿಂಡಿಗೆ ಸುಂಕ ಕಣಣ್ಣ. ನೀವು ರೇಟ್ ಏಳಿ."

ಹೇಳಿದೆ. ಅವಳು ಕೇಳಿದ್ದನ್ನೇ ಹೇಳಿದ್ದೆ!

ಎಂಟನೇ ಕ್ಲಾಸಿನಲ್ಲೇ ಸಕ್ಕರೆ ಕಾಯಿಲೆ, ಕಾಲೇಜು ಸೇರುವ ಹೊತ್ತಿಗೆ ಥೈರಾಯ್ಡು. ಮೈ ಕಾಯಬೇಕಾದ ಶಕ್ತಿಯೇ ಮೈಮೇಲೆ ಬಿದ್ದರೆ ಇವೆರಡೂ ಜೊತೆಯಾಗಿ ಬರಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಅದನ್ನು ಅವಳು ನನಗೆ ತಿಳಿಸಿದ ರೀತಿಯೇ ಬೇರೆ: "ಕಾವ್ಲು ಕಾಯೋನೇ ತೋಟಕ್ ನುಗ್ಗವ್ನೆ ಕಣಣ್ಣ. ಮೊದ್ಲು ಸಕ್ರೆ ಗೊನೆ ಕಡ್ದ, ಆಮ್ಯಾಕೆ ಥೈರಾಯ್ಡ್ ಗೊನೆ."

ನಮ್ಮ ಹಮಾಲಿ ಸಿದ್ದಯ್ಯನಿಗೆ ಬಾಯಿ ಸುಮ್ಮನಿರದು. "ಸಕ್ರೆ ಮೂಟೇನ ಯಾವನ್ ಕಟ್ಕತ್ತಾನವ್ವಾ?" ಎಂದು ಒಮ್ಮೆ ಕೆಣಕಿದ.

"ನಿನ್ ಎಂಡ್ತೀನ್ ಕೇಳು ಸಿದ್ದಣ್ಣ, ಸಪ್ಪೆ ಗಂಡನ್ ಕಟ್ಕಂಡು ಏನ್ ಸುಖ ಕಂಡ್ಳು ಅಂತ!"

ಮಂಡಿಯೆಲ್ಲ ನಕ್ಕಿತು. ಸಿದ್ದಯ್ಯ ಅಂದಿನಿಂದ ಅವಳ ಗೊನೆಗಳನ್ನು ಮೊದಲು ಇಳಿಸತೊಡಗಿದ.

ಕಳೆದ ವರ್ಷ ಕವಲಂದೆಯಲ್ಲಿ ಸ್ವಂತಕ್ಕೆ ಮಳಿಗೆ ನೋಡಿದ್ದಳು. ಆಗಲೇ ನಮ್ಮ ಮೆಟ್ಟಿಲು ಹತ್ತುತ್ತ ನಡುವೆ ನಿಲ್ಲುವುದು ಶುರುವಾಗಿತ್ತು. ಏಕೆಂದು ಕೇಳಿದರೆ, "ಥೈರಾಯ್ಡ್ ಸುಸ್ತು." ಎದೆ ಹಿಡಿದಂತಾದರೆ, "ಗ್ಯಾಸು," ಎಂದು ಸೋಡಾ ತರಿಸುತ್ತಿದ್ದಳು. ಬೆವರಿದರೆ, "ಸಕ್ರೆ ಇಳೀತಾ ಅದೆ." ಹೀಗೆ ಒಂದೊಂದು ತೊಂದರೆಯ ಖಾತೆಯೂ ಆಗಲೇ ಒಬ್ಬೊಬ್ಬರ ಹೆಸರಿಗೆ ಆಗಿಹೋಗಿತ್ತು. ಹೃದಯದ ಹೆಸರಿಗೆ ಏನೂ ಉಳಿದಿರಲಿಲ್ಲ.

ಒಂದು ಬೆಳಿಗ್ಗೆ ಗೊನೆ ಇಳಿಸುವ ಮೊದಲೇ ಬೆಂಚಿನ ಮೇಲೆ ಕುಳಿತಳು. ಮುಖವೆಲ್ಲ ನೀರು. ದವಡೆ ನೋವು ಎಂದಳು. ಎರಡು ಹಣ್ಣು ಸುಲಿದು ತಿಂದಳು.

"ಮಿಸೀನ್ನಾಗ್ ನೋಡ್ಕಳವ್ವ," ಎಂದ ಸಿದ್ದಯ್ಯ. ಸಕ್ಕರೆ ಅಳೆಯುವ ಮೀಟರು ಅವಳ ಬ್ಯಾಗಿನಲ್ಲೇ ಇತ್ತು.

"ಎಂಟ್ನೇ ಕ್ಲಾಸಿಂದ ಬತ್ತಾ ಇರೋ ಬೆವ್ರು. ಗುರ್ತು ಸಿಗಕಿಲ್ವಾ ನಂಗೆ? ಒಸಿ ಒತ್ತಿಗೆ ಸರಿಯಾಯ್ತದೆ, ಬುಡಿ."

ಸರಿಯಾಗಲಿಲ್ಲ. ಕಾಯ್ದೆವು, ಇನ್ನೊಂದು ಹಣ್ಣು ಕೊಟ್ಟೆವು. ಕೊನೆಗೆ ಆಸ್ಪತ್ರೆಗೆ ಕರೆದೊಯ್ದಾಗ ನರ್ಸಮ್ಮ ಬೆರಳು ಚುಚ್ಚಿ ನೋಡಿದರು. ಸಕ್ಕರೆ ಇಳಿದಿರಲೇ ಇಲ್ಲ, ಏರಿತ್ತು. ಇಸಿಜಿ ನೋಡಿದ ಡಾಕ್ಟರು ಹಾರ್ಟ್ ಅಟ್ಯಾಕ್ ಎಂದರು, ತಕ್ಷಣ ಮೈಸೂರಿಗೆ ಎಂದರು.

"ಈ ವಯಸ್ಸಿಗಾ ಸಾ?" ಎಂದೆ.

"ಚಿಕ್ಕಂದಿನಿಂದ ಶುಗರ್ ಇದ್ರೆ ಹಾರ್ಟಿಗೆ ಬೇಗ ವಯಸ್ಸಾಗುತ್ತೆ ಕಣ್ರೀ. ಥೈರಾಯ್ಡ್ ಬೇರೆ ಇದೆ. ಯಾರೂ ಚೆಕ್ ಮಾಡಿಸಿಲ್ವಾ?"

ಆಂಬುಲೆನ್ಸಿಗೆ ಹತ್ತಿಸುವಾಗ ಮಂಜುಳ ನನ್ನ ತೋಳು ಹಿಡಿದಳು. "ಅಣ್ಣ, ಗೊನೆ ಬಿಸ್ಲಲ್ಲವೆ. ನೆಳ್ಳಿಗಾಕ್ಸಿ."

ಸಿದ್ದಯ್ಯ ನೆರಳಿಗೆ ಹಾಕಿದ. ಅವಳು ಮೈಸೂರು ಮುಟ್ಟಲಿಲ್ಲ. ಈಗಲೂ ಮೂಗೂರಿನ ಗೊನೆ ಬರುತ್ತದೆ, ತರುವವರು ನಾನು ಹೇಳಿದ ರೇಟಿಗೆ ತಲೆಯಾಡಿಸಿ ಹೋಗುತ್ತಾರೆ. ವ್ಯಾಪಾರ ಸಪ್ಪೆ.

ನಿಮಗೊಂದು ಮಾತು. ಸಕ್ಕರೆ ಇರುವವರು ಬೆವರಿದರೆ ಮೊದಲು ಮೀಟರು ನೋಡಿ. ಮೀಟರು ಕೈಯಲ್ಲಿಲ್ಲದಿದ್ದರೆ ಸಿಹಿ ತಿನ್ನಿಸಿ, ತಪ್ಪಿಲ್ಲ. ಆದರೆ ಸಕ್ಕರೆ ಇಳಿದಿಲ್ಲವೆಂದು ಕಂಡರೆ, ಇಲ್ಲವೇ ಕಾಲು ಗಂಟೆಯಲ್ಲಿ ಬೆವರು ಆರದಿದ್ದರೆ, ಮತ್ತೊಂದು ಹಣ್ಣು ಸುಲಿಯುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಎದೆ ನೋಯದಿದ್ದರೂ ಹೊರಡಿ. ಮನೆಯಲ್ಲಿ ಇನ್ಸುಲಿನ್ ಹಾಕಿಕೊಳ್ಳುವ ಹುಡುಗ ಹುಡುಗಿಯರಿದ್ದರೆ ಬಿಪಿ, ರಕ್ತದ ಕೊಬ್ಬು, ಥೈರಾಯ್ಡು ವರ್ಷ ವರ್ಷ ನೋಡಿಸಿ. ಡಾಕ್ಟರ ಮುಂದೆ ಹೃದಯದ ಮಾತನ್ನು ನೀವೇ ಎತ್ತಿ. ಪಕ್ಕದಲ್ಲಿ ಕೂತವರು ನಕ್ಕರೂ ಎತ್ತಿ.